ಪಾಸ್ ಆದ ಪ್ರಶ್ನೆಗಳು

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ಒಂದು ಸಣ್ಣ ಹೋಟೆಲಿದೆ. ಸಂಜೆ ಐದರ ಸುಮಾರಿಗೆ ಅಲ್ಲಿ ಹಿಟ್ಟಿನಲ್ಲಿ ಅದ್ದಿದ ಮೊದಲ ಮೆಣಸಿನಕಾಯಿ ಕಾದ ಎಣ್ಣೆಗೆ ಬೀಳುತ್ತದೆ. ಆ ವಾಸನೆ ರಸ್ತೆ ದಾಟಿ, ಹಣ್ಣಿನ ಗಾಡಿಗಳನ್ನು ದಾಟಿ, ಶಾಲೆ ಮುಗಿಸಿ ಮನೆಗೆ ಹೊರಟ ನನ್ನಂಥವರ ಮೂಗಿಗೆ ಬಂದು ಬಡಿಯುತ್ತದೆ. ಎಣ್ಣೆ ಪದಾರ್ಥ ಬೇಡ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಆ ಎರಡು ವರ್ಷವೂ ನಾನು ‘ಇವತ್ತೊಂದು ದಿನ’ ಎಂದುಕೊಳ್ಳುತ್ತಲೇ ಆ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕೂತಿದ್ದೇನೆ.

ಹೋದ ವಾರವೂ ಹಾಗೆಯೇ ಕೂತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಶಾಲಾ ಮಕ್ಕಳ ರಸಪ್ರಶ್ನೆ ನಡೆಯುತ್ತಿತ್ತು. ನಾಲ್ಕು ತಂಡ, ಸೆಮಿಫೈನಲ್. ಹೋಟೆಲಿನ ಕೊಟ್ರಪ್ಪ ಒಲೆಯ ಮುಂದಿನಿಂದಲೇ ನನ್ನ ಕಡೆ ತಿರುಗಿ, “ಸರ್, ಯಾವ ಟೀಮ್ ಗೆಲ್ತೈತಿ ಹೇಳ್ರಿ” ಎಂದ. ನನಗೇನು ಗೊತ್ತಪ್ಪ ಎಂದೆ. ಅವನು ನಂಬಲಿಲ್ಲ. ಒಂದು ಕಾಲದಲ್ಲಿ ಇದೇ ಬೆಂಚಿನಲ್ಲಿ ಕೂತು ನಾನು ಐದು ತಾಲ್ಲೂಕಿನ ತಂಡಗಳ ಜಾತಕ ಓದುತ್ತಿದ್ದುದನ್ನು ಅವನು ಕೇಳಿದ್ದವನು. ಮತ್ತೆ ಕೇಳಿದ. ನಾನು ತಟ್ಟೆಯಲ್ಲಿದ್ದ ಎರಡನೆಯ ಮಿರ್ಚಿಯನ್ನು ಅಲ್ಲೇ ಬಿಟ್ಟು ಎದ್ದುಬಂದೆ.

ಯಾಕೆ ಎದ್ದುಬಂದೆ ಎಂದು ನಿಮಗೆ ಹೇಳಬೇಕಾದರೆ ಅಳೆಯುವ ಚಟ ನನಗೆ ಎಲ್ಲಿಂದ ಅಂಟಿತು ಎನ್ನುವುದರಿಂದ ಶುರು ಮಾಡಬೇಕು. ನಮ್ಮಪ್ಪ ಕೂಡ್ಲಿಗಿ ಕಡೆ ಹುಣಸೆಮರಗಳ ಫಸಲು ಗುತ್ತಿಗೆ ಹಿಡಿಯುತ್ತಿದ್ದ. ಕಾಯಿ ಇನ್ನೂ ಹಸಿರಾಗಿರುವಾಗಲೇ ಮರದ ಕೆಳಗೆ ನಿಂತು, ಕತ್ತು ಮೇಲೆತ್ತಿ, ಇದು ಎಷ್ಟು ಚೀಲ ಕೊಟ್ಟೀತು ಎಂದು ಹೇಳಿಬಿಡುತ್ತಿದ್ದ. ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು. ಆದರೆ ಬಾಯಿ ಬಿಡುವ ಮೊದಲು ಅವನು ಮರವನ್ನು ಮೂರು ಸುತ್ತು ಬರುತ್ತಿದ್ದ, ಕಾಂಡ ತಟ್ಟುತ್ತಿದ್ದ, ಬುಡದ ಮಣ್ಣನ್ನು ಕಾಲಬೆರಳಿನಿಂದ ಕೆದರುತ್ತಿದ್ದ. ಬಿಸಿಲಲ್ಲಿ ಕಾದು ನಿಂತ ನನಗೆ ಅದೆಲ್ಲ ಸುಮ್ಮನೆ ಕಾಲಹರಣ ಅನ್ನಿಸುತ್ತಿತ್ತು. ಅವನಿಂದ ನಾನು ಕಲಿತದ್ದು ಕತ್ತು ಮೇಲೆತ್ತಿ ಹೇಳಿಬಿಡುವುದನ್ನು ಮಾತ್ರ.

ಸಮಾಜ ವಿಜ್ಞಾನದ ಮೇಷ್ಟ್ರಾದ ಮೇಲೆ ಈ ಚಟಕ್ಕೆ ಒಳ್ಳೆಯ ಮೇವು ಸಿಕ್ಕಿತು. ಯಾವ ಹುಡುಗ ಎಷ್ಟು ಅಂಕ ತೆಗೆಯುತ್ತಾನೆ, ಯಾವ ಹುಡುಗಿ ಭಾಷಣದಲ್ಲಿ ತಡವರಿಸುತ್ತಾಳೆ ಎಂದು ಜೂನ್ ತಿಂಗಳಲ್ಲೇ ಹೇಳುತ್ತಿದ್ದೆ. ಅಷ್ಟರಲ್ಲಿ, ಏಳೆಂಟು ವರ್ಷದ ಹಿಂದೆ, ಒಂದು ಟಿವಿ ವಾಹಿನಿಯವರು ನಮ್ಮ ಕಡೆಯ ಪ್ರೌಢಶಾಲೆಗಳಿಗೆ ರಸಪ್ರಶ್ನೆ ಸ್ಪರ್ಧೆ ಇಟ್ಟರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯಿಂದಲೂ ತಂಡಗಳು. ಒಂದು ತಂಡಕ್ಕೆ ಇಬ್ಬರು, ಜೊತೆಗೆ ಬದಲಿಗೆಂದು ಕಾಯ್ದಿಟ್ಟ ಒಬ್ಬರು. ನಾನು ಮೂರು ತಿಂಗಳು ತಯಾರು ಮಾಡಿದ ನನ್ನ ಶಾಲೆಯ ತಂಡ ಮೊದಲ ಸುತ್ತಿನಲ್ಲೇ ಸೋತು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂತು.

ಸೋತ ಮೇಲೆ ನಾನು ಪಂಡಿತನಾದೆ. ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹೊಡೆದು ಟಿವಿಯ ಮುಂದೆ ಕೂತೆ. ಪ್ರತಿ ತಂಡದ ಪ್ರತಿ ಮಗುವಿಗೂ ಒಂದು ಸಾಲು. ನೇರ ಪ್ರಶ್ನೆ, ಪಾಸ್ ಆಗಿ ಬಂದ ಪ್ರಶ್ನೆ, ಚಿತ್ರದ ಸುತ್ತು, ಧ್ವನಿಯ ಸುತ್ತು, ಬಜರ್ ಎಂದು ಬೇರೆ ಬೇರೆ ಮನೆ. ಸಂಚಿಕೆ ಮುಗಿದ ಮೇಲೆ ‘ಮುಂದಿನ ಸುತ್ತಿನಲ್ಲಿ ಯಾರ ಬಲ ಎಷ್ಟು’ ಎಂದು ತಲೆಬರಹ ಕೊಟ್ಟು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಕೂಡ್ಲಿಗಿಯವರು ಬಜರಿಗೆ ಆತುರಪಟ್ಟು ಅಂಕ ಕಳೆದುಕೊಳ್ಳುತ್ತಾರೆ ಎಂದೆ, ಕಳೆದುಕೊಂಡರು. ಹಡಗಲಿಯವರು ಗಣಿತದಲ್ಲಿ ಮುಗ್ಗರಿಸುತ್ತಾರೆ ಎಂದೆ, ಮುಗ್ಗರಿಸಿದರು. ಹರಪನಹಳ್ಳಿಯ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ನಂಬುವುದಿಲ್ಲ, ಅವರ ಆಟ ಕ್ವಾರ್ಟರ್ ಫೈನಲ್‌ಗೆ ಮುಗಿಯುತ್ತದೆ ಎಂದೆ, ಅದೂ ಆಯಿತು. ಗುರುತು ಪರಿಚಯವಿಲ್ಲದ ಮೇಷ್ಟ್ರುಗಳು ಫೋನ್ ಮಾಡತೊಡಗಿದರು. ಫೋನ್ ಬಂದಾಗ ನಾನು ಕೂತಲ್ಲಿಂದ ಎದ್ದು, ಪಂಚೆ ಸರಿಮಾಡಿಕೊಂಡು ಮಾತಾಡುತ್ತಿದ್ದೆನಂತೆ. ಇದು ನನ್ನ ಹೆಂಡತಿ ಹೇಳಿದ್ದು. ನಿಮ್ಮ ಹುಡುಗರು ಸೋತಿದ್ದಕ್ಕೆ ಒಂದು ಸಾಲು ಬರೆಯಲಿಲ್ಲ, ಮಂದಿ ಮಕ್ಕಳಿಗೆ ಪುಟಗಟ್ಟಲೆ ಬರೆಯುತ್ತೀರಿ ಎಂದೂ ಅವಳು ಒಮ್ಮೆ ಹೇಳಿದಳು. ಆಗ ಅದು ತಮಾಷೆ ಎನ್ನಿಸಿತ್ತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನಿಂದ ಬಂದ ತಂಡದಲ್ಲಿ ಹಾಲಮ್ಮ ಎಂಬ ಹುಡುಗಿ ಇದ್ದಳು. ಕೋಗಳಿಯವಳು. ತಂದೆ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ. ಹಳೆಯ ಕಾಲದ ಹೆಸರು ಅಜ್ಜಿಯಿಂದ ಬಂದದ್ದು. ಅವಳನ್ನು ನಾನು ಟಿವಿಗಿಂತ ಮೊದಲೇ ನೋಡಿದ್ದೆ. ಜುಲೈ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ತಾಲ್ಲೂಕು ಮಟ್ಟದ ಆಯ್ಕೆ ನಡೆದಾಗ ಪ್ರಶ್ನೆ ಓದುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಎರಡು ಮಾರು ದೂರದಲ್ಲಿ ನಿಂತು ಓದುತ್ತಿದ್ದೆ. ಆ ಹುಡುಗಿ ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡುತ್ತ, ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೇಳುತ್ತಿದ್ದಳು. ನದಿಗಳು, ರಾಜವಂಶಗಳು, ಧಾತುಗಳ ಚಿಹ್ನೆಗಳು, ಯಾವುದಕ್ಕೂ ತಡೆಯಿಲ್ಲ. ಇಪ್ಪತ್ತೆರಡು ವರ್ಷದ ಮೇಷ್ಟ್ರಗಿರಿಯಲ್ಲಿ ನಾನು ಮಾತಾಡುವಾಗ ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಎಲ್ಲ ಮುಗಿದ ಮೇಲೆ, ಅಂಕಪಟ್ಟಿಯ ಮೇಲೆ ಬಗ್ಗಿ ಸಹಿ ಹಾಕುತ್ತ, ಇದನ್ನೆಲ್ಲ ಯಾರು ಹೇಳಿಕೊಟ್ಟರಮ್ಮ ನಿನಗೆ ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ತಲೆಯೆತ್ತಿ ನೋಡಿದರೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು. ಗೆದ್ದ ಐದು ನಿಮಿಷಕ್ಕೇ ಇಷ್ಟು ಪೊಗರು ಎಂದುಕೊಂಡೆ. ಅವಳ ಬಗ್ಗೆ ನನ್ನ ತೀರ್ಮಾನ ಅಲ್ಲಿಗೇ ಮುಗಿಯಿತು. ಆಮೇಲೆ ಆರು ತಿಂಗಳು ನಾನು ಕಂಡದ್ದೆಲ್ಲ ಆ ತೀರ್ಮಾನಕ್ಕೆ ಸಾಕ್ಷಿಯಾಗಿಯೇ ಕಂಡಿತು.

ಕ್ವಾರ್ಟರ್ ಫೈನಲ್ ಸಂಚಿಕೆಯನ್ನು ಎರಡು ಸಲ ನೋಡಿದೆ. ನೇರ ಪ್ರಶ್ನೆ ಕೇಳುವಾಗ ನಿರೂಪಕ ಅವಳ ಕಡೆ ತಿರುಗುತ್ತಿದ್ದ. ಹಾಲಮ್ಮನದು ಪೂರ್ಣ ಅಂಕ. ಚಿತ್ರದ ಸುತ್ತಿನಲ್ಲೂ ಪೂರ್ಣ ಅಂಕ. ಬೇರೆ ತಂಡಕ್ಕೆ ಕೇಳಿ, ಅವರು ಬಿಟ್ಟು, ಇವರಿಗೆ ಪಾಸ್ ಆಗಿ ಬಂದ ಪ್ರಶ್ನೆಗಳಲ್ಲಿ ಸೊನ್ನೆ. ನಿರೂಪಕ ಚೀಟಿಯನ್ನು ಮುಖದ ಮುಂದೆ ಹಿಡಿದು ಓದುತ್ತಿದ್ದ ಬಜರ್ ಸುತ್ತಿನಲ್ಲಿ ಸೊನ್ನೆ. ಧ್ವನಿಯ ಸುತ್ತಿನಲ್ಲಿ ಸೊನ್ನೆ. ಇದನ್ನೆಲ್ಲ ನಾನೇ ನನ್ನ ಕೈಯಾರೆ ಒಂದೇ ಸಾಲಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಬರೆದೆ. ಈಗ ನಿಮಗೆ ಹೇಳುವಾಗ ನಿಮಗೆ ಹೊಳೆದುಬಿಟ್ಟಿರುತ್ತದೆ. ನನಗೆ ಹೊಳೆಯಲಿಲ್ಲ. ಆ ರಾತ್ರಿ ಗುಂಪಿಗೆ ಹಾಕಿದ್ದು ಇಷ್ಟು:

‘ಹಾಲಮ್ಮ: ಓದು ಅಪಾರ. ಆದರೆ ಬೇರೆಯವರಿಗೆ ಕೇಳಿದ ಪ್ರಶ್ನೆಗೆ ಕಿವಿಗೊಡುವುದಿಲ್ಲ. ತನ್ನ ಸರದಿ ಬಂದಾಗ ಮಾತ್ರ ಎಚ್ಚರ. ಅಹಂಕಾರ. ಸೆಮಿಫೈನಲ್‌ನಲ್ಲಿ ಪಾಸ್ ಪ್ರಶ್ನೆಗಳೇ ನಿರ್ಣಾಯಕ. ಇವಳನ್ನು ಇಟ್ಟುಕೊಂಡರೆ ತಂಡ ಸೋಲುತ್ತದೆ, ಬದಲಿಸಿದರೆ ಫೈನಲ್ ಖಚಿತ.’

ಮರುದಿನ ಬೆಳಿಗ್ಗೆ ಶಶಿಕಲಾ ಮೇಡಂ ಫೋನ್ ಮಾಡಿದರು. ಆ ಶಾಲೆಯ ವಿಜ್ಞಾನ ಶಿಕ್ಷಕಿ. ಆ ತಂಡವನ್ನು ತಯಾರು ಮಾಡಿದವರು ಅವರೇ. ತರಬೇತಿಗಳಲ್ಲಿ ಕಂಡು ಸ್ನೇಹವಿತ್ತು. ಹುಡುಗಿ ದೀಪಾವಳಿಯಿಂದ ಈಚೆಗೆ ಯಾಕೋ ಮಂಕಾಗಿದ್ದಾಳೆ, ತಲೆನೋವು ಅನ್ನುತ್ತಾಳೆ, ಕರೆದರೆ ಬರುವುದಿಲ್ಲ, ಆದರೆ ಅಹಂಕಾರ ಅಲ್ಲ ಎಂದರು. ಹೆಡ್‌ಮಾಸ್ತರರು ನನ್ನ ಬರಹ ಓದಿ ಅವಳ ಜಾಗಕ್ಕೆ ಕಾಯ್ದಿಟ್ಟ ಹುಡುಗಿಯನ್ನು ಹಾಕಿ ಎಂದು ಹಟ ಹಿಡಿದಿದ್ದಾರೆ, ನೀವು ಒಂದು ಮಾತು ಹೇಳಿದರೆ ಕೇಳುತ್ತಾರೆ ಎಂದರು.

“ಮೇಡಂ, ಟೀಮ್ ಗೆಲ್ಲೋದು ಬೇಕೋ, ಆಕಿ ಮನಸು ನೋಯಬಾರದು ಅನ್ನೋದು ಬೇಕೋ?” ಎಂದೆ.

ಅವರು, “ಆಕಿನ್ನ ಬಿಟ್ರ ಆಕಿ ಹೆಂಗ ಆಗ್ತಾಳಂತ ನಿಮಗ ಗೊತ್ತಿಲ್ರಿ ಸರ್” ಎಂದು ಫೋನ್ ಇಟ್ಟರು.

ಹೆಡ್‌ಮಾಸ್ತರರಿಗೆ ನಾನು ಆ ಒಂದು ಮಾತು ಹೇಳಲಿಲ್ಲ. ಹಾಲಮ್ಮನನ್ನು ಕಾಯ್ದಿಟ್ಟವಳ ಕುರ್ಚಿಗೆ ಸರಿಸಿದರು.

ಸೆಮಿಫೈನಲ್ ಚಿತ್ರೀಕರಣ ಜನವರಿಯಲ್ಲಿ, ಹೊಸಪೇಟೆಯ ಒಂದು ಸಭಾಂಗಣದಲ್ಲಿ ನಡೆಯಿತು. ನಾನು ನುಡಿದ ಭವಿಷ್ಯ ನಿಜವಾಗುವುದನ್ನು ಕಣ್ಣಾರೆ ನೋಡಲು ರಜೆ ಹಾಕಿ ಹೋದೆ. ಪ್ರೇಕ್ಷಕರ ಸಾಲಿನಲ್ಲಿ ಶಶಿಕಲಾ ಮೇಡಂ, ಅವರ ಪಕ್ಕ ಹಾಲಮ್ಮ, ಅವಳ ಪಕ್ಕ ಒಂದು ಖಾಲಿ ಕುರ್ಚಿ. ನಾನು ಅಲ್ಲಿ ಕೂತೆ. ಚೆನ್ನಾಗಿದ್ದೀಯಾ ಎಂದೆ, ಅವಳು ವೇದಿಕೆ ನೋಡುತ್ತಿದ್ದಳು, ಮಾತಾಡಲಿಲ್ಲ. ಕೋಪ ಇರಬೇಕು, ಇರಲಿ ಎಂದುಕೊಂಡೆ. ದುಪಟ್ಟಾವನ್ನು ತಲೆಯ ಮೇಲೆ ಹೊದ್ದು ಎರಡೂ ಕಿವಿ ಮುಚ್ಚುವಂತೆ ಸುತ್ತಿಕೊಂಡಿದ್ದಳು. ಹತ್ತಿರ ಕೂತಾಗ ಒಂದು ವಾಸನೆ ಬಂತು, ಗಾಯ ಕೀವಾದಾಗ ಬರುತ್ತದಲ್ಲ, ಅಂಥದ್ದು. ಅದನ್ನೂ ನಾನು ಬೇರೆ ಎಲ್ಲಿಂದಲೋ ಬಂತೆಂದು ತಿಳಿದೆ.

ಪ್ರೇಕ್ಷಕರಿಗಾಗಿ ಪಕ್ಕದಲ್ಲಿ ಒಂದು ದೊಡ್ಡ ಪರದೆ ಇತ್ತು. ಪ್ರತಿ ಪ್ರಶ್ನೆಯೂ ಅದರ ಮೇಲೆ ಅಕ್ಷರದಲ್ಲಿ ಬರುತ್ತಿತ್ತು. ವೇದಿಕೆಯ ಮೇಲಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಆಟ ಶುರುವಾಯಿತು. ಹಾಲಮ್ಮ ತೊಡೆಯ ಮೇಲೆ ಒಂದು ಹಾಳೆ ಇಟ್ಟುಕೊಂಡು ಉತ್ತರ ಬರೆಯತೊಡಗಿದಳು. ನಾನು ಓರೆಗಣ್ಣಿನಿಂದ ನೋಡಿದೆ. ಯಾವ ತಂಡಕ್ಕೆ ಕೇಳಿದ ಪ್ರಶ್ನೆಯಾದರೂ ಸರಿ, ಪರದೆಯ ಮೇಲೆ ಬಂದ ಎರಡು ಕ್ಷಣಕ್ಕೆ ಅವಳ ಹಾಳೆಯ ಮೇಲೆ ಉತ್ತರ. ಹನ್ನೊಂದು ಬರೆದಳು, ಹನ್ನೊಂದೂ ಸರಿ. ವೇದಿಕೆಯ ಮೇಲೆ ಅವಳ ಜಾಗದಲ್ಲಿ ಕೂತ ಹುಡುಗಿ ಗಾಬರಿಯಾಗಿ ನೀರು ಕುಡಿಯುತ್ತಿದ್ದಳು.

ಆಮೇಲೆ ಧ್ವನಿಯ ಸುತ್ತು ಬಂತು. ಸಭಾಂಗಣ ತುಂಬ ಶಹನಾಯಿ ಮೊಳಗಿತು. ಪರದೆ ಖಾಲಿ. ಎಲ್ಲರೂ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರೆ ಹಾಲಮ್ಮ ಮಾತ್ರ ಪೆನ್ನು ಹಿಡಿದು ಆಚೆ ಈಚೆ ನೋಡಿದಳು. ಏನೋ ಕೆಟ್ಟು ಆಟ ನಿಂತಿದೆ ಎಂದುಕೊಂಡವಳ ಹಾಗೆ. ಶಹನಾಯಿ ಅಲ್ಲೇ ನಮ್ಮ ತಲೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯಿಂದ ಕಿವಿ ಒಡೆಯುವಂತೆ ಬರುತ್ತಿತ್ತು.

ಆಗ ನನಗೆ ಹೊಳೆಯಿತು. ಆದರೂ, ನಂಬುತ್ತೀರೋ ಇಲ್ಲವೋ, ಆಗಲೂ ನಾನು ಬಾಯಿ ಬಿಡಲಿಲ್ಲ. ಆಟ ಮುಗಿಯುವವರೆಗೆ ಕೂತೆ. ಕೊನೆಯ ಪ್ರಶ್ನೆ ಪಾಸ್ ಆಗಿ ಅವರ ತಂಡಕ್ಕೇ ಬಂತು. ಹೇಳಿದ್ದರೆ ಫೈನಲ್. ವೇದಿಕೆಯ ಮೇಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ. ಹಾಲಮ್ಮನ ಹಾಳೆಯ ಮೇಲೆ ಆ ಉತ್ತರ ದುಂಡಗಿನ ಅಕ್ಷರದಲ್ಲಿ ಆಗಲೇ ಒಣಗಿತ್ತು.

ಜನ ಎದ್ದು ಹೊರಟರು. ಅವಳು ನನ್ನ ಮುಂದೆ ನಡೆಯುತ್ತಿದ್ದಳು. “ಹಾಲಮ್ಮ” ಎಂದೆ. ಮತ್ತೊಮ್ಮೆ ಎಂದೆ. ಮೂರನೆಯ ಸಲ ಕೂಗಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಶಶಿಕಲಾ ಮೇಡಂ ತಿರುಗಿದರು, ಅವಳು ತಿರುಗಲಿಲ್ಲ. ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿ ನನ್ನ ತುಟಿ ನೋಡಿದಳು.

“ನಿನಗ ಕಿವಿ ಕೇಳಂಗಿಲ್ಲೇನು?”

“ಬಲಗಿವಿ ಸಣ್ಣಾಕಿದ್ದಾಗಿಂದ ಇಲ್ರಿ ಸರ್. ಸೋರತಿತ್ತು. ಎಡದ್ದು ಈ ವರ್ಷ ಹೋತು.”

“ಯಾಕ ಯಾರಿಗೂ ಹೇಳಲಿಲ್ಲ?”

ಅವಳು ಶಶಿಕಲಾ ಮೇಡಂ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿದಳು. “ಹೇಳಿದ್ರ ಟೀಮಿನ್ಯಾಗ ಇಟ್ಕೊಂತಿದ್ರೇನ್ರಿ?”

ಶಶಿಕಲಾ ಮೇಡಂ ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಅವಳು ಮೊದಲ ಬೆಂಚಿನಲ್ಲೇ ಕೂರಬೇಕೆಂದು ಹಟ ಮಾಡುತ್ತಿದ್ದದ್ದು, ಹಿಂದಿನಿಂದ ಕರೆದರೆ ಬಾರದೇ ಇದ್ದದ್ದು, ಎಲ್ಲ ಅವರಿಗೆ ಆಗ ಒಂದೊಂದಾಗಿ ನೆನಪಾಗುತ್ತಿದ್ದಿರಬೇಕು.

ಆ ವಾರವೇ ಅವಳ ತಂದೆಯನ್ನು ಕರೆದುಕೊಂಡು ನಾನು, ಮೇಡಂ, ಹಾಲಮ್ಮ ಮೂವರೂ ದೊಡ್ಡಾಸ್ಪತ್ರೆಗೆ ಹೋದೆವು. ಸೋರುವ ಕಿವಿ ತಾನೇ ಒಣಗುತ್ತದೆ ಎಂದು ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದರಂತೆ. ಕೀವು ಕಿವಿಯ ಎಲುಬನ್ನು ತಿಂದಿತ್ತು; ಒಳಗೆ, ಮಿದುಳಿನ ಪೊರೆಯ ಹತ್ತಿರದವರೆಗೆ ಹೋಗಿತ್ತು. ತಕ್ಷಣ ಆಪರೇಶನ್ ಆಗಬೇಕು, ಜೀವ ಉಳಿಸಲು, ಕೇಳಿಸುವಂತೆ ಮಾಡಲು ಅಲ್ಲ ಎಂದರು ಡಾಕ್ಟರು. ಆರು ತಿಂಗಳ ಹಿಂದೆ ತಂದಿದ್ದರೆ ಎಡಗಿವಿಯನ್ನಾದರೂ ಉಳಿಸಬಹುದಿತ್ತು ಎಂದೂ ಹೇಳಿದರು. ಅದನ್ನು ಅವರು ಬೈಯುವ ಹಾಗೆ ಹೇಳಲಿಲ್ಲ, ಬರೆದುಕೊಳ್ಳುತ್ತ ಹೇಳಿದರು. ಆರು ತಿಂಗಳ ಹಿಂದೆ ಅವಳು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವಳ ತಂದೆ, ಸಿಮೆಂಟು ತಿಂದು ಬಿರಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ನೀವಾದ್ರೂ ನೋಡಿದ್ರಲ್ರಿ, ಪುಣ್ಯ ಬರ್ಲಿ ಎಂದ. ಅವನು ನನ್ನನ್ನು ಬೈದಿದ್ದರೆ ನಾನು ಇನ್ನೆರಡು ಸಲವಾದರೂ ಅವಳನ್ನು ನೋಡಲು ಹೋಗುತ್ತಿದ್ದೆನೇನೋ.

ಜೀವ ಉಳಿಯಿತು. ಬಾಯಿಯ ಎಡ ಅಂಚು ಸ್ವಲ್ಪ ಜೋತುಬಿತ್ತು. ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಮರುವರ್ಷ ಬರೆದು ಶಾಲೆಗೇ ಮೊದಲಿಗಳಾದಳು. ಕಾಲೇಜಿಗೆ ಎರಡು ತಿಂಗಳು ಹೋದಳಂತೆ. ಅಲ್ಲಿ ಪಾಠ ಮಾಡುವವರು ಬೋರ್ಡಿನ ಕಡೆ ತಿರುಗಿ ಮಾತಾಡುತ್ತಿದ್ದರು. ಬಿಟ್ಟಳು. ಇದನ್ನೆಲ್ಲ ಶಶಿಕಲಾ ಮೇಡಂ ಫೋನಿನಲ್ಲಿ ಹೇಳಿದ್ದು. ಅವರು ಹೋಗಿ ಬರುತ್ತಿದ್ದರು. ನಾನು ವಾಟ್ಸಾಪ್ ಗುಂಪು ಬಿಟ್ಟೆ, ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದೆ, ಅದನ್ನೇ ಪ್ರಾಯಶ್ಚಿತ್ತ ಎಂದು ಕರೆದುಕೊಂಡೆ. ತರಗತಿಯಲ್ಲಿ ಮಾತ್ರ ಪ್ರತಿ ಜೂನ್‌ನಲ್ಲಿ ಹಿಂದೆ ನಿಂತು ಒಬ್ಬೊಬ್ಬರನ್ನೇ ಮೆಲ್ಲಗೆ ಹೆಸರು ಹಿಡಿದು ಕರೆಯುತ್ತೇನೆ. ಇಷ್ಟು ವರ್ಷದಲ್ಲಿ ಇಬ್ಬರು ತಿರುಗಲಿಲ್ಲ. ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ಇದನ್ನು ಹೇಳಿಕೊಂಡರೆ ಒಳ್ಳೆಯವನಂತೆ ಕಾಣುತ್ತೇನೆಂದು ಗೊತ್ತು. ಆದರೂ ಹೇಳಿಕೊಂಡೆ ನೋಡಿ.

ಹೋಟೆಲಿನಿಂದ ಎದ್ದುಬಂದ ಆ ವಾರದ ಭಾನುವಾರ ನಾನು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ. ಅವಳು ಅಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆಂದು ಗೊತ್ತಿತ್ತು. ಅರ್ಜಿ, ಮದುವೆ ಕಾರ್ಡು, ಬಾಡಿಗೆ ಕರಾರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. ಅಷ್ಟುದ್ದದ ಮಾತನ್ನು ಅವಳು ತುಟಿ ನೋಡಿಯೇ ಹಿಡಿಯಬೇಕು ಎಂದು ನೆನಪಾಗಿ, ಒಂದು ಹಾಳೆಯ ಮೇಲೆ ಬರೆದುಕೊಂಡೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದವು.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ನನ್ನನ್ನು ಕೂಡಲೇ ಗುರುತು ಹಿಡಿದು, “ಬರ್ರಿ ಸರ್, ಕುಂದರ್ರಿ” ಎಂದಳು. ರಸ್ತೆಯ ಆಚೆಯ ಔಷಧಿ ಅಂಗಡಿಯವನು ತಲೆಯೆತ್ತಿ ನೋಡುವಷ್ಟು ದೊಡ್ಡ ದನಿ. ಏರಿಳಿತವಿಲ್ಲದ, ಒಂದೇ ಮಟ್ಟದ ದನಿ. ಹಾಳೆ ಕೊಟ್ಟೆ. ಓದಿದಳು. ಎರಡನೆಯ ಸಲ ಓದಿದಳು.

“ನೀವು ಬರದಿದ್ದು ನಾ ಆವಾಗ ಓದಿದ್ದೆರಿ ಸರ್, ಮೇಡಂ ಫೋನಿನ್ಯಾಗ” ಎಂದಳು. “ಎಲ್ಲಾ ಖರೇನ ಬರದಿದ್ರಿ. ಅಹಂಕಾರ ಅಂದಿದ್ದೊಂದು ಬಿಟ್ಟು. ನಾ ಅಂಜಿದ್ದೆರಿ.”

ಅವಳು ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಹಾಳೆಯನ್ನು ಮಡಚಿ ಮೇಜಿನ ಖಾನೆಯಲ್ಲಿ ಇಟ್ಟಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ನನ್ನ ಮುಖ ನೋಡುತ್ತ ಕೇಳಿದಳು.

“ಸರ್, ನನ್ನ ದನಿ ಹೆಂಗೈತ್ರಿ? ಜೋರ್ ಅಕ್ಕೈತೇನು? ಮನಿಯಾಗ ಕೇಳಿದ್ರ ಯಾರೂ ಹೇಳಂಗಿಲ್ಲ. ಅಂಗಡಿಗೆ ಬಂದೋರು ನಗ್ತಾರ.”

ಇಲ್ಲ, ಚೆನ್ನಾಗಿದೆ ಎಂದು ಹೇಳುವುದು ಸುಲಭವಿತ್ತು. ಹೌದು, ಜೋರಾಗಿದೆ ಎಂದು ತಲೆಯಾಡಿಸಿದೆ. ಅಂಗೈಯನ್ನು ನೆಲದ ಕಡೆ ಮಾಡಿ ಸ್ವಲ್ಪ ಇಳಿಸಿ ತೋರಿಸಿದೆ.

“ಈಗ?” ಎಂದಳು. ಇನ್ನೂ ಇಳಿಸಿದೆ. “ಈಗ?” ಇನ್ನೂ. ಅವಳು ದನಿಯನ್ನು ಇಳಿಸುತ್ತ ಇಳಿಸುತ್ತ ಹೋದಳು. ಕೊನೆಗೆ ತುಟಿ ಮಾತ್ರ ಆಡಿ ದನಿಯೇ ಬರದಾಯಿತು. ಅದು ಅವಳಿಗೆ ತಿಳಿಯಲಿಲ್ಲ. ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಕೈಯನ್ನು ಮೆಲ್ಲಗೆ, ಒಂದೊಂದೇ ಬೆರಳಿನಷ್ಟು, ಮೇಲೆತ್ತಿದೆ. ಉಸಿರಿನಂತೆ ಮೊದಲು, ಆಮೇಲೆ ಪಿಸುಮಾತಿನಂತೆ, ಆಮೇಲೆ ಪಕ್ಕದಲ್ಲಿ ಕೂತ ಒಬ್ಬರಿಗೆ ಇನ್ನೊಬ್ಬರು ಮಾತಾಡಿದಂತೆ ಅವಳ ದನಿ ಬಂತು. ಕೈಯನ್ನು ಅಲ್ಲಿಗೇ ನಿಲ್ಲಿಸಿದೆ. ಅವಳು ಗಂಟಲಿನ ಮೇಲೆ ಎರಡು ಬೆರಳಿಟ್ಟು, ಆ ದನಿ ಅಲ್ಲಿ ಎಷ್ಟು ಅದುರುತ್ತದೆ ಎಂದು ಮುಟ್ಟಿ ನೋಡಿಕೊಂಡು, ಅದೇ ಮಟ್ಟದಲ್ಲಿ ಮತ್ತೆ ಮತ್ತೆ ಹೇಳತೊಡಗಿದಳು: ಬರ್ರಿ, ಕುಂದರ್ರಿ, ಎಷ್ಟು ಕಾಪಿ ಬೇಕ್ರಿ.